ಟಿವಿಯ ಹಿಂದಿನ ಗೋಡೆಯಲ್ಲಿ ಏನಿದೆ?

ಗೋಡೆಗೆ ತೂಗುಹಾಕಿದ ಟಿವಿಯ ಕೆಳಗೆ ಕಪ್ಪು ವೈರು ಜೋತಾಡುವುದು ಯಾರಿಗೂ ಇಷ್ಟವಾಗದು. ಹೀಗಾಗಿ ಗೋಡೆಯನ್ನು ಕೊರೆದು, ಟಿವಿಯೊಂದಿಗೆ ಬಂದ ವೈರನ್ನೇ ಒಳಗಿಳಿಸಿ, ಮೇಲೆ ಗಾರೆ ಮೆತ್ತುವುದುಂಟು. ಉದ್ದ ಸಾಲದಿದ್ದರೆ ವೈರನ್ನು ಕತ್ತರಿಸಿ, ಇನ್ನೊಂದು ತುಂಡು ಹೆಣೆದು, ಟೇಪು ಸುತ್ತುತ್ತಾರೆ. ಇದು ತಪ್ಪು. ಆದರೆ ಇದನ್ನು ವಿರೋಧಿಸುವವರು ಕೊಡುವ ಕಾರಣವೂ ಅಷ್ಟೇ ತಪ್ಪು. 'ಗೋಡೆಯೊಳಗೆ ವೈರು ಬಿಸಿಯಾಗಿ ಕರಗುತ್ತದೆ' ಎನ್ನುತ್ತಾರೆ.

ಲೆಕ್ಕ ಹಾಕಿ ನೋಡೋಣ. 115 ವಾಟ್‌ನ ಟಿವಿ 230 ವೋಲ್ಟ್‌ನಲ್ಲಿ ಎಳೆಯುವ ವಿದ್ಯುತ್ಪ್ರವಾಹ 0.5 ಆಂಪೇರ್. 0.75 ಚದರ ಮಿ.ಮೀ. ತಾಮ್ರದ ವೈರಿನಲ್ಲಿ, ಹೋಗುವ ಮತ್ತು ಬರುವ ಎಳೆಗಳೆರಡೂ ಸೇರಿ, ಒಂದು ಮೀಟರಿಗೆ ರೋಧ ಸುಮಾರು 0.046 ಓಂ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಸಿಗುವ ಉಷ್ಣ ಒಂದು ವಾಟ್‌ನ ನೂರನೆಯ ಒಂದು ಭಾಗದಷ್ಟು. ಇದರಿಂದ ಮೇಣವೂ ಕರಗದು. 'ಟಿವಿ ಎಷ್ಟು ಕರೆಂಟ್ ಎಳೆಯುತ್ತೆ ಸಾರ್?' ಎಂದು ಎಲೆಕ್ಟ್ರಿಷಿಯನ್ ಕೇಳಿದಾಗ ನಾವು ಸೋಲುವುದು ಇಲ್ಲಿಯೇ.

ನಿಜವಾದ ಅಪಾಯ ಟೇಪು ಸುತ್ತಿದ ಜಾಗದಲ್ಲಿದೆ. ಸಡಿಲವಾದ ಹೆಣಿಗೆಯ ರೋಧ 1 ಓಂ ಎನ್ನಿ. ಟಿವಿಯೊಂದೇ ಇದ್ದರೆ ಅಲ್ಲಿ ಕಾಲು ವಾಟ್. ಆದರೆ ಆ ವೈರಿನ ತುದಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ಸೇರಿಸಿ, ಒಂದು ದಿನ ಯಾರೋ 1000 ವಾಟ್‌ನ ಇಸ್ತ್ರಿಪೆಟ್ಟಿಗೆಯನ್ನು ಸಿಕ್ಕಿಸಿದರೆ? ಪ್ರವಾಹ ಸುಮಾರು 4.3 ಆಂಪೇರ್, ಆ ಒಂದೇ ಬಿಂದುವಿನಲ್ಲಿ ಸುಮಾರು 19 ವಾಟ್! ಸಣ್ಣ ಸೋಲ್ಡರಿಂಗ್ ಐರನ್ ಒಂದನ್ನು ಗೋಡೆಯಲ್ಲಿ ಹುಗಿದಂತೆ. 6 ಆಂಪೇರ್‌ನ ಎಂಸಿಬಿಯೂ ಬೀಳುವುದಿಲ್ಲ. ಅದರ ಪಾಲಿಗೆ ಎಲ್ಲವೂ ಸರಿಯಾಗಿಯೇ ಇದೆ. ಇನ್ನು ಕ್ಯಾಲೆಂಡರಿಗೆಂದು ಹೊಡೆದ ಮೊಳೆ ವೈರನ್ನು ಚುಚ್ಚಿದರೆ, ಆ ಮೊಳೆಯನ್ನು ಮುಟ್ಟಿದವರಿಗೆ 230 ವೋಲ್ಟ್. 30 ಮಿಲಿಆಂಪೇರ್‌ನ ಆರ್‌ಸಿಸಿಬಿ ಇದ್ದರೆ ಬದುಕಿಯಾರು.

ಅಮೆರಿಕದ ವಿದ್ಯುತ್ ಸಂಹಿತೆ ಬಾಗುವ ವೈರನ್ನು ಗೋಡೆಯಲ್ಲಿ ಮುಚ್ಚುವುದನ್ನು 400.12ನೆಯ ವಿಧಿಯಲ್ಲಿ (2017ಕ್ಕೆ ಮೊದಲು 400.8) ನಿಷೇಧಿಸಿದೆ. ಅಲ್ಲಿಯ ಗೋಡೆ ಸಾಮಾನ್ಯವಾಗಿ ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಬಡಿದದ್ದು, ಒಳಗೆ ಟೊಳ್ಳು. ಬೆಂಕಿಗೆ ದಾರಿ ಸಿದ್ಧವಾಗಿಯೇ ಇರುತ್ತದೆ. ನಮ್ಮ ಇಟ್ಟಿಗೆಯ ಗೋಡೆ ಉರಿಯದು ನಿಜ, ಆದರೆ ಗಾರೆಯೊಳಗೆ ಸುಟ್ಟ ವೈರು ನಮಗೆ ಕಾಣುವುದೂ ಇಲ್ಲ, ಅದನ್ನು ಬದಲಿಸಲೂ ಆಗದು.

ಮಾಡಬೇಕಾದದ್ದು ಕಷ್ಟವಲ್ಲ. ಸ್ವಿಚ್ ಬೋರ್ಡಿನಿಂದ ಪಿವಿಸಿ ಪೈಪಿನಲ್ಲಿ, ನಡುವೆ ಎಲ್ಲೂ ಹೆಣಿಗೆಯಿಲ್ಲದೆ, ಭೂಸಂಪರ್ಕದ ತಂತಿಯೂ ಸೇರಿದಂತೆ 1.5 ಚದರ ಮಿ.ಮೀ. ವೈರುಗಳನ್ನು ಎಳೆದು ಟಿವಿಯ ಹಿಂದೆ ಸಾಕೆಟ್ ಕೂರಿಸಬೇಕು. ಸಾಕೆಟ್ ಗೋಡೆಯೊಳಕ್ಕೆ ತಗ್ಗಿ ಕುಳಿತಿರಲಿ. ಇಲ್ಲವಾದರೆ ಪ್ಲಗ್ ಟಿವಿಯ ಬೆನ್ನಿಗೆ ತಾಗಿ, ಅದರ ವೈರು ಬುಡದಲ್ಲೇ ಮುರಿಯುವಷ್ಟು ಬಾಗುತ್ತದೆ. ಎಚ್‌ಡಿಎಂಐ ಕೇಬಲ್ಲಿಗೆ ಬೇರೆಯೇ ಪೈಪು ಬೇಕು. ಸ್ವಿಚ್ಚನ್ನಂತೂ ಕೆಳಗೆ, ಕೈಗೆಟಕುವಲ್ಲಿ ಹಾಕಿಸಿ. ಅದನ್ನೂ ಟಿವಿಯ ಹಿಂದೆಯೇ ಹಾಕಿಸಿಕೊಂಡು, ಗುಡುಗು ಬಂದಾಗಲೆಲ್ಲ ಮನೆಯ ಮೇನ್ ಸ್ವಿಚ್ಚನ್ನೇ ಆರಿಸುವ ಗೆಳೆಯರೊಬ್ಬರು ನನಗಿದ್ದಾರೆ.