ಗಂಭೀರವಾದ ಆಟ: ಮೇವಾ ಡೆಂಕಿಯ ವಾದ್ಯಯಂತ್ರಗಳು

ಹಾಸ್ಯರಸವನ್ನು ಭರತಮುನಿಯು ಆತ್ಮಸ್ಥವೆಂದೂ ಪರಸ್ಥವೆಂದೂ ಎರಡು ಬಗೆಯಾಗಿ ವಿಂಗಡಿಸಿರುವನು: ತಾನೇ ನಗುವುದು ಒಂದು, ಪರರನ್ನು ನಗಿಸುವುದು ಮತ್ತೊಂದು. ಈ ಎರಡನೆಯದನ್ನೇ ವ್ರತವಾಗಿ ಕೈಕೊಂಡು, ಯಂತ್ರಗಳಿಂದ ಸಂಗೀತವನ್ನು ಹೊರಡಿಸುತ್ತ, ನೋಡುವವರು ಎಷ್ಟು ನಕ್ಕರೂ ಕಾರ್ಖಾನೆಯ ಗಾಂಭೀರ್ಯವನ್ನು ಬಿಟ್ಟುಕೊಡದ ಕಲಾಸಂಸ್ಥೆಯೊಂದು ಜಪಾನಿನಲ್ಲಿದೆ. ಅದರ ಹೆಸರು ಮೇವಾ ಡೆಂಕಿ. ಮಸಮಿಚಿ ತೋಸಾ, ನೊಬುಮಿಚಿ ತೋಸಾ ಎಂಬ ಸೋದರರು 1993ರಲ್ಲಿ ಇದನ್ನು ಆರಂಭಿಸಿದಾಗ ಹೊಸ ಹೆಸರನ್ನು ಹುಡುಕಲಿಲ್ಲ. ವ್ಯಾಕ್ಯೂಮ್ ಟ್ಯೂಬುಗಳ ಬಿಡಿಭಾಗಗಳನ್ನು ತಯಾರಿಸುತ್ತಿದ್ದು 1979ರಲ್ಲಿ ದಿವಾಳಿಯೆದ್ದ ತಂದೆಯ ಕಾರ್ಖಾನೆಯ ಹೆಸರನ್ನೇ ಎತ್ತಿಕೊಂಡರು.

ಆ ಹೆಸರಿನೊಡನೆ ಕಾರ್ಖಾನೆಯ ಆಚಾರಗಳೂ ಬಂದವು. ಕಲಾವಿದರ ಉಡುಪು ಕಾರ್ಮಿಕರ ನೀಲಿ ಸಮವಸ್ತ್ರ, ಕೃತಿಗಳಿಗೆ ‘ಉತ್ಪನ್ನ’ಗಳೆಂದು ಹೆಸರು, ಸಂಗೀತ ಕಚೇರಿಯೆಂದು ನಾವು ಕರೆಯತಕ್ಕದ್ದು ಅವರಿಗೆ ‘ಉತ್ಪನ್ನ ಪ್ರದರ್ಶನ’. 2001ರಲ್ಲಿ ಅಣ್ಣನು, ಇನ್ನೂ ಮಧ್ಯವಯಸ್ಸನ್ನೂ ಮುಟ್ಟದಿರುವಾಗಲೇ, ನಿವೃತ್ತಿಯ ಕಾಲ ಒದಗಿತೆಂದು ಪದವಿಯನ್ನು ತೊರೆಯಲು, ತಮ್ಮನು ಅಧ್ಯಕ್ಷಪೀಠವನ್ನೇರಿದನು. ಇದನ್ನು ಉದ್ಯಮಜೀವನದ ವಿಡಂಬನೆಯೆಂದು ಹಲವರು ತಿಳಿಯುವುದುಂಟು. ಆದರೆ ವಿಡಂಬನೆಗೆ ಅವಶ್ಯವಾದ ಕಹಿ ಇಲ್ಲಿ ಕಾಣದು. ಮುಳುಗಿಹೋದ ಒಂದು ಮನೆತನದ ಉದ್ಯೋಗಕ್ಕೆ ಮಕ್ಕಳು ವಿನೋದದ ರೂಪದಲ್ಲಿ ಸಲ್ಲಿಸುತ್ತಿರುವ ಋಣವೆಂದರೆ ಸತ್ಯಕ್ಕೆ ಹೆಚ್ಚು ಸಮೀಪವಾದೀತು.

ಈ ವೇಷಕ್ಕಿಂತ ಮಿಗಿಲಾದುದು ವಾದ್ಯಗಳು. ನೊಬುಮಿಚಿ ಓದಿದ ವಿಶ್ವವಿದ್ಯಾನಿಲಯದ ಹೆಸರನ್ನು ಹೊತ್ತ ‘ತ್ಸುಕುಬಾ’ ಮಾಲಿಕೆಯ ವಾದ್ಯಗಳು ಜಪಾನಿನ ಮನೆಮನೆಯ 100 ವೋಲ್ಟ್ ವಿದ್ಯುತ್ತಿನಿಂದ ನಡೆಯುತ್ತವೆ. ಆದರೆ ಆ ವಿದ್ಯುತ್ತು ಧ್ವನಿವರ್ಧಕವನ್ನು ನುಡಿಸುವುದಕ್ಕಲ್ಲ, ಮೋಟಾರನ್ನೂ ವಿದ್ಯುದಯಸ್ಕಾಂತವನ್ನೂ ಚಾಲನೆಗೊಳಿಸಿ, ನಿಜವಾದ ಮರವನ್ನು ನಿಜವಾದ ಕೊಡತಿಯಿಂದ ಹೊಡೆಯುವುದಕ್ಕೆ. ಬೌದ್ಧಮಂದಿರಗಳಲ್ಲಿ ಮಂತ್ರಪಠನದ ಲಯಕ್ಕೆ ಬಾರಿಸುವ ಮರದ ವಾದ್ಯವನ್ನು ರೆಕ್ಕೆಯಂತೆ ಬೆನ್ನಿಗೇರಿಸಿ, ವಾದಕನು ಚಿಟಿಕೆ ಹಾಕಿದೊಡನೆ ಅದು ಟಕ್ಕೆಂದು ನುಡಿಯುವಂತೆ ರಚಿಸಿದ ‘ಪಚಿಮೊಕು’ವನ್ನು ನೋಡಿದವನಿಗೆ ನಗು ಬರುವುದು ಏತಕ್ಕೆ? ಬೆರಳಿನ ಅಲ್ಪವಾದ ಕ್ರಿಯೆಗೂ ಬೆನ್ನಿನ ಅತಿವಿಸ್ತಾರವಾದ ಸನ್ನಾಹಕ್ಕೂ ಇರುವ ಅನುಚಿತವಾದ ಅಂತರವೇ ಕಾರಣ. ಎಲೆಕ್ಟ್ರಾನಿಕ್ ಸಂಗೀತದಲ್ಲಿ ನಾದದ ಹುಟ್ಟು ಪೆಟ್ಟಿಗೆಯೊಳಗೆ ಅಡಗಿರುವುದರಿಂದ ಕೇಳುಗನು ಫಲವನ್ನು ಮಾತ್ರ ಪಡೆಯುತ್ತಾನೆ. ಇಲ್ಲಿ ಕಾರಣವೂ ಕಾರ್ಯವೂ ಒಂದೇ ದೃಷ್ಟಿಗೆ ಗೋಚರವಾಗುವುದರಿಂದ, ನಗುವಿನ ಜೊತೆಗೆ ತಿಳಿವಳಿಕೆಯೂ ಹುಟ್ಟುತ್ತದೆ. ಈ ಸಂಸ್ಥೆಯ ಪ್ರತಿಭೆಯ ಸಾರ ಇದೇ ಎಂದು ನನ್ನ ಅಭಿಪ್ರಾಯ.

ಕಂಠಯಂತ್ರಗಳಲ್ಲಿ ಈ ಗುಣವು ಪರಾಕಾಷ್ಠೆಯನ್ನು ಮುಟ್ಟುತ್ತದೆ. ‘ಸೀಮೂನ್ಸ್’ ಎಂಬ ಯಂತ್ರಗಾಯಕಿಯರಲ್ಲಿ ತಿದಿಯು ಗಾಳಿಯನ್ನೂದಿ, ರಬ್ಬರಿನ ಧ್ವನಿತಂತುಗಳು ಬಿಗಿದು ಸಡಿಲಿ ಸ್ವರಗಳನ್ನು ಮೂಡಿಸುತ್ತವೆ. ‘ವಹ್ಹಾ ಗೋ ಗೋ’ ಎಂಬ ಬೊಂಬೆಯಾದರೋ, ಕೈಯಿಂದ ಚಕ್ರವನ್ನು ತಿರುಗಿಸಿದಷ್ಟು ಹೊತ್ತೂ ನಗುತ್ತದೆ. ನಗುವೆಂಬುದು ಅಂತಃಕರಣದ ಉಕ್ಕೆಂದು ನಂಬಿದ್ದವನಿಗೆ, ಅದು ಗಾಳಿ, ಪೊರೆ, ಲಯಗಳ ಸಂಯೋಗವೂ ಹೌದೆಂಬುದನ್ನು ಈ ಬೊಂಬೆ ತೋರಿಸಿಕೊಡುವಾಗ, ಹಾಸ್ಯವು ಒಂದು ಕ್ಷಣ ಭಯಾನಕದ ಅಂಚನ್ನು ಸ್ಪರ್ಶಿಸಿ ಹಿಂದಿರುಗುತ್ತದೆ.

ಆ ಅಂಚನ್ನು ದಾಟಿಯೇ ಹೋದದ್ದು ಆರಂಭಕಾಲದ ‘ನಾಕಿ’ ಮಾಲಿಕೆ. ಮೀನನ್ನೇ ವಿಷಯವಾಗಿರಿಸಿಕೊಂಡ ಈ ಉತ್ಪನ್ನಗಳಲ್ಲಿ, ಮೀನಿನ ಮುಳ್ಳಿನ ಆಕಾರದ ವಿದ್ಯುತ್ ತಂತಿಯಂಥ ಮೋಜಿನ ವಸ್ತುವಿನ ಪಕ್ಕದಲ್ಲೇ, ದೂರವಾಣಿಗೆ ಹೊಂದಿಸಿದ ಸೂಜಿಗಳು ಜೀವಂತ ಮೀನಿನ ತೊಟ್ಟಿಯ ಮೇಲೆ ತೂಗುವ ‘ಉಕೆಟೆಲ್’ ಎಂಬ ಕ್ರೂರಯಂತ್ರವೂ ಇದೆ. ನಾವು ಒತ್ತುವ ಗುಂಡಿಯ ಮತ್ತೊಂದು ತುದಿಯಲ್ಲಿ ಯಾವ ಜೀವವಿದೆಯೆಂಬ ಪ್ರಶ್ನೆಯನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಕೇಳಿದ ಕಲಾವಿದನು, ಮುಂದಣ ಕೃತಿಗಳಲ್ಲಿ ಅದನ್ನು ಬಹುಮಟ್ಟಿಗೆ ಕೈಬಿಟ್ಟನೆಂಬುದು ಖೇದಕರ. ಜನಪ್ರಿಯತೆಗೆ ತೆತ್ತ ಬೆಲೆ ಇದಾಗಿರಬಹುದು.

2009ರಲ್ಲಿ ಮಾರುಕಟ್ಟೆಗೆ ಬಂದ ‘ಒಟಮಟೋನ್’ ಆ ಜನಪ್ರಿಯತೆಯ ಶಿಖರ. ಪಾಶ್ಚಾತ್ಯ ಸಂಗೀತಲಿಪಿಯ ಸ್ವರಚಿಹ್ನೆಯ ಆಕಾರದ ಈ ವಾದ್ಯದ ಕಾಂಡದ ಮೇಲೆ ಬೆರಳನ್ನು ಜಾರಿಸಿ, ಕೆಳಗಣ ಮುಖವನ್ನು ಒತ್ತಿ ಬಾಯಿ ತೆರೆಸಿದರೆ ಮಗುವಿನ ರಾಗಾಲಾಪದಂಥ ದನಿ ಹೊಮ್ಮುತ್ತದೆ. ನಾದದ ಹುಟ್ಟು ಇಲ್ಲಿ ಮತ್ತೆ ಪೆಟ್ಟಿಗೆಯೊಳಗೆ ಅವಿತಿತು. ಬಾಯಿ ತೆರೆಯುವುದು ಕಣ್ಣಿಗೆ ಕಾಣುವುದಾದರೂ ಹಾಡುವುದು ಒಂದು ಅಗ್ಗದ ವಿದ್ಯುನ್ಮಂಡಲ. ಈ ದೃಷ್ಟಿಯಿಂದ ಅದು ತ್ಸುಕುಬಾ ವಾದ್ಯಗಳಿಗಿಂತ ಕೆಳಗಿನದು. ಆದರೂ ವೀಣೆಯ ಮೆಟ್ಟಿಲುಗಳಂಥ ಆಧಾರವೊಂದೂ ಅದಕ್ಕಿಲ್ಲದ ಕಾರಣ, ಸ್ವರಸ್ಥಾನವನ್ನು ನುಡಿಸುವವನ ಕಿವಿಯೇ ಅರಸಬೇಕು. ಆಟಿಕೆಯೆಂದು ಕೊಂಡವನು ತಿಳಿಯದೆಯೇ ಶ್ರುತಿಶುದ್ಧಿಯ ಅಭ್ಯಾಸಕ್ಕೆ ತೊಡಗುತ್ತಾನೆ. ಮಾರಾಟದ ವಸ್ತುವಿನಲ್ಲಿ ಇಷ್ಟು ಸಾಧನೆಯನ್ನು ಅಡಗಿಸಿಟ್ಟಿರುವುದು ಸಾಮಾನ್ಯವಲ್ಲ.

ಮೂರು ದಶಕಗಳ ತರುವಾಯ ನೀಲಿ ಸಮವಸ್ತ್ರವು ಹಳತಾಗಿದೆ; ಕಂಪನಿಯ ನಟನೆ ಮೊದಲ ಬಾರಿ ಕಂಡಾಗಿನ ಚಮತ್ಕಾರವನ್ನು ಕಳೆದುಕೊಂಡಿದೆ. ಆದರೆ ಕೊಡತಿಯು ಮರವನ್ನು ತಾಕುವ ಕ್ಷಣವು ಹಳತಾಗಿಲ್ಲ. ವೇಷವನ್ನು ಕಳಚಿದರೂ ನಿಲ್ಲಬಲ್ಲ ವಾದ್ಯಗಳು ಈ ಸಂಸ್ಥೆಯ ಶ್ರೇಷ್ಠ ಭಾಗ, ವೇಷವಿಲ್ಲದೆ ನಿಲ್ಲಲಾರದವು ಅದರ ದುರ್ಬಲ ಭಾಗ. ಮುಂದೆ ಮೇವಾ ಡೆಂಕಿಯನ್ನು ಅಳೆಯುವವರಿಗೆ ಈ ಒರೆಗಲ್ಲೇ ಸಾಕು.