ಲಿವರ್‌ಪೂಲಿನ ಕರಾರು, ರಾಯಚೂರಿನ ಅಂಡಿಗೆ

ನೀರಮಾನ್ವಿ ಸೀಮೆಯ ಹತ್ತಿ ರಾಯಚೂರಿನ ಮಾರುಕಟ್ಟೆಗೆ ಬಂದರೆ ಹರಾಜು ಕೂಗಿ, ತೂಕ ಹಾಕಿ, ಚೀಟಿ ಬರೆದರೆ ವ್ಯವಹಾರ ಮುಗಿಯಿತು. ಅದೇ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ 170 ಕೆ.ಜಿ.ಯ ಅಂಡಿಗೆಯಾಗಿ ರಫ್ತುದಾರನ ಕೈಸೇರಿದರೆ ಕರಾರಿಗೆ ಒಂದು ಸಿದ್ಧ ಸಾಲು ಬಂದು ಕೂರುತ್ತದೆ: ‘ಇಂಟರ್‌ನ್ಯಾಷನಲ್ ಕಾಟನ್ ಅಸೋಸಿಯೇಷನ್ನಿನ ನಿಯಮಗಳಿಗೆ ಒಳಪಟ್ಟು’. 1841ರಲ್ಲಿ ಲಿವರ್‌ಪೂಲಿನ ದಲಾಲರು ಕಟ್ಟಿದ ಸಂಘ ಇದು. ಆ ಒಂದು ಸಾಲಿನ ಹಿಂದೆ ಇಡೀ ಪುಸ್ತಕವೇ ಇದೆ. ಸಹಿ ಹಾಕುವವರಲ್ಲಿ ಅದನ್ನು ಓದಿದವರು ವಿರಳ ಎಂಬುದು ನನ್ನ ಗುಮಾನಿ.

ಪುಸ್ತಕ ಕೆಟ್ಟದ್ದೇನಲ್ಲ. ಎಳೆಯ ಉದ್ದ, ಮೈಕ್ರೊನೇರ್ (ಎಳೆಯ ನಯದ ಅಳತೆ), ತೇವ, ತೂಕದ ಕೊರತೆ ಇವುಗಳ ಜಗಳವನ್ನು ಅರಳೆ ಮುಟ್ಟಿ ಬಲ್ಲವರು ಬಿಡಿಸುತ್ತಾರೆ. ಬಾಂಗ್ಲಾದೇಶದ ಗಿರಣಿಗೆ ನಮ್ಮ ಕೋರ್ಟಿನ ಮೇಲೆ ಭರವಸೆಯಿಲ್ಲ, ನಮಗೆ ಅವರದರ ಮೇಲಿಲ್ಲ. ಮಧ್ಯಸ್ಥರ ತೀರ್ಪಾದರೆ 1958ರ ನ್ಯೂಯಾರ್ಕ್ ಒಡಂಬಡಿಕೆಯ ಬಲದಿಂದ ಎರಡೂ ಕಡೆ ಜಾರಿಯಾಗಬಲ್ಲದು. ಇಷ್ಟರಮಟ್ಟಿಗೆ ಸಿದ್ಧ ಷರತ್ತು ಸಣ್ಣ ವ್ಯಾಪಾರಿಗೆ ವಕೀಲರ ಖರ್ಚು ಉಳಿಸುತ್ತದೆ.

ನನ್ನ ತಕರಾರಿರುವುದು ಒಂದೇ ನಿಯಮದ ಮೇಲೆ. ಮಾಲು ಹೋಗದಿದ್ದರೂ ಕರಾರು ರದ್ದಾಗುವುದಿಲ್ಲ; ಕರಾರಿನ ದರಕ್ಕೂ ಅಂದಿನ ಪೇಟೆ ದರಕ್ಕೂ ಇರುವ ಅಂತರ ತುಂಬಿ ಲೆಕ್ಕ ಮುಗಿಸಬೇಕು. ಪೌಂಡಿಗೆ 80 ಸೆಂಟಿನಂತೆ ನೂರು ಅಂಡಿಗೆ ಮಾರಿದ್ದೀರಿ, ದರ ಒಂದು ಡಾಲರಿಗೆ ಏರಿದೆ, ಕಳಿಸಲಾಗಲಿಲ್ಲ ಎನ್ನಿ. ಸುಮಾರು 7,500 ಡಾಲರ್ ಕಟ್ಟಬೇಕು. ಹೋದ ಲಾಭ, ನಿಂತ ಗಿರಣಿ ಎಂದು ಖರೀದಿದಾರ ಪಟ್ಟಿ ಬೆಳೆಸುವಂತಿಲ್ಲ ಎಂಬುದು ಇದರ ಗುಣ. ಕಳಿಸಲಾಗದ್ದು ಯಾರ ತಪ್ಪಿನಿಂದ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ ಎಂಬುದು ದೋಷ.

ದೆಹಲಿ ರಾತ್ರೋರಾತ್ರಿ ಬಾಗಿಲು ಹಾಕುವ ದೇಶದಲ್ಲಿ ಈ ದೋಷ ಸಣ್ಣದಲ್ಲ. 2012ರ ಮಾರ್ಚ್ 5ರಂದು ಹತ್ತಿ ರಫ್ತು ನಿಂತಿತು. ವಾರದಲ್ಲೇ ನಿಷೇಧ ಸಡಿಲವಾಯಿತು. ಹಾಗೆ ಸಡಿಲವಾಗದಿದ್ದರೆ? ಕೆಲಸ ಅಸಾಧ್ಯವೋ ಕಾನೂನುಬಾಹಿರವೋ ಆದರೆ ಕರಾರು ಬಿದ್ದುಹೋಗುತ್ತದೆ ಎನ್ನುತ್ತದೆ ನಮ್ಮ 1872ರ ಕರಾರು ಕಾಯ್ದೆಯ 56ನೇ ಕಲಂ. ಆದರೆ ಆ ಸಂಘದ ನಿಯಮಗಳ ಮೂಲಕ ನೀವು ಸಹಿ ಹಾಕಿದ್ದು ಇಂಗ್ಲೆಂಡಿನ ಕಾನೂನಿಗೆ.

ಎಣ್ಣೆಕಾಳಿನ ವ್ಯಾಪಾರದ ‘ಫೋಸ್ಫಾ’ ಮಾದರಿಯಲ್ಲಿ ಸರ್ಕಾರಿ ನಿಷೇಧಕ್ಕೆಂದೇ ಒಂದು ಷರತ್ತಿದೆ. ಅದಿದ್ದೂ ರಾಷ್ಟ್ರೀಯ ಕೃಷಿ ಸಹಕಾರಿ ಮಾರಾಟ ಒಕ್ಕೂಟವಾದ ನಾಫೆಡ್ ಪಟ್ಟ ಪಾಡು ನೋಡಿ. 1980ರಲ್ಲಿ ಅದು ಅಲಿಮೆಂಟಾ ಕಂಪನಿಗೆ 5,000 ಟನ್ ಶೇಂಗಾ ಒಪ್ಪಿಕೊಂಡು 1,900 ಟನ್ ಕಳಿಸಿತು. ಉಳಿದದ್ದಕ್ಕೆ ಕೇಂದ್ರ ಅನುಮತಿ ಕೊಡಲಿಲ್ಲ. ಲಂಡನ್ನಿನ ಮಧ್ಯಸ್ಥರು ನಾಫೆಡ್ ವಿರುದ್ಧ ತೀರ್ಪಿತ್ತರು. ಆ ತೀರ್ಪು ಇಲ್ಲಿ ಜಾರಿಯಾಗದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಏಪ್ರಿಲ್‌ನಲ್ಲಿ. ಗೆದ್ದರೂ ನಾಲ್ಕು ದಶಕ! ವಿದೇಶಿ ತೀರ್ಪಿನ ಒಳಗೇ ಕೈಹಾಕಿದ್ದಕ್ಕೆ ಆ ಆದೇಶವನ್ನು ಕಾನೂನು ಬಲ್ಲವರು ಟೀಕಿಸಿದ್ದೂ ಉಂಟು. ಅದನ್ನು ನೆಚ್ಚಿ ಕರಾರು ಬರೆಯುವುದು ಜಾಣತನವಲ್ಲ.

ಹಾಗಾಗಿ ಸಿದ್ಧ ನಿಯಮ ಇರಲಿ, ಕೆಳಗೆ ಕೈಯಾರೆ ಒಂದು ಸಾಲು ಸೇರಲಿ: ರಫ್ತು ನಿಂತರೆ ಎಷ್ಟು ದಿನದೊಳಗೆ ತಿಳಿಸಬೇಕು, ಎಷ್ಟು ದಿನ ಕಾಯಬೇಕು, ಆಮೇಲೂ ಬಾಗಿಲು ತೆರೆಯದಿದ್ದರೆ ನಿಷೇಧದ ಹಿಂದಿನ ದಿನದ ದರಕ್ಕೆ ಲೆಕ್ಕ ಮುಗಿಸಬೇಕು. ಖರೀದಿದಾರ ಇದಕ್ಕೆ ಪೌಂಡಿಗೆ ಅರ್ಧ ಸೆಂಟ್ ಕಡಿತ ಕೇಳಬಹುದು. ನೂರು ಅಂಡಿಗೆಗೆ ಅದು 190 ಡಾಲರ್ ಕೂಡ ಆಗುವುದಿಲ್ಲ.