ಹೆಸರು ಕೇಳದ ನೆರೆಮನೆ: ಕಾಯ್ಕಿಣಿಯವರ ಮುಂಬಯಿ, ನಮ್ಮ ಸಿಂಗಪುರ

ಕಳೆದ ತಿಂಗಳು ನಮ್ಮ ಕೂಟದಲ್ಲಿ ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳನ್ನು ಓದಿದೆವು. ಓದು ಮುಗಿದು ಚಹಾ, ಚಕ್ಕುಲಿ ಬಂದ ಹೊತ್ತಿಗೆ ಗೆಳೆಯರೊಬ್ಬರು ಒಂದು ಪ್ರಶ್ನೆ ಎಸೆದರು. "ಗೋಕರ್ಣದಿಂದ ಹೋದವರು ಮುಂಬಯಿಯನ್ನು ಕನ್ನಡಕ್ಕೆ ತಂದರು, ಸರಿ. ನಾವೂ ಇಲ್ಲಿಗೆ ಬಂದು ಇಪ್ಪತ್ತು ವರ್ಷವಾಯಿತಲ್ಲ, ನಮ್ಮ ಬರಹದಲ್ಲಿ ಸಿಂಗಪುರ ಎಲ್ಲಿದೆ ಸ್ವಾಮಿ?" ಎಲ್ಲರೂ ನಕ್ಕೆವು. ಉತ್ತರ ಮಾತ್ರ ಯಾರೂ ಕೊಡಲಿಲ್ಲ.

ಮನೆಗೆ ಬಂದವನೇ ಹಳೆಯ ಸ್ಮರಣ ಸಂಚಿಕೆಗಳನ್ನು ಕೆಳಗಿಳಿಸಿ ನೋಡಿದೆ. ಸಿಂಗಪುರ ಇದೆ, ಇಲ್ಲದೆ ಏನು! ಚೊಕ್ಕಟ ರಸ್ತೆ, ಹೊತ್ತಿಗೆ ಸರಿಯಾಗಿ ಬರುವ ರೈಲು, 1992ರ ಚ್ಯೂಯಿಂಗ್ ಗಮ್ ನಿಷೇಧ, ಕಂಡಕಂಡಲ್ಲಿ ದಂಡ. ಹಾಕರ್ ಸೆಂಟರಿನ ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇಟ್ಟು ಜಾಗ ಹಿಡಿಯುವ ಸೋಜಿಗವಂತೂ ನಾಲ್ಕು ಲೇಖನಗಳಲ್ಲಿದೆ. ಆ ನಾಲ್ಕರಲ್ಲಿ ಒಂದು ನನ್ನದೇ. ಬರೆದಾಗ ನಾನು ಬಂದು ಒಂಬತ್ತು ವರ್ಷವಾಗಿತ್ತು. ಓದಿದರೆ ಒಂಬತ್ತು ದಿನದ ಹಿಂದೆ ವಿಮಾನ ಇಳಿದವನು ಬರೆದಂತಿದೆ.

ಅತಿಥಿಯ ಕಣ್ಣು ಕೀಳೇನಲ್ಲ. ಗೊರೂರರ 'ಅಮೆರಿಕಾದಲ್ಲಿ ಗೊರೂರು' ಅತಿಥಿಯ ಪುಸ್ತಕವೇ. ತಮ್ಮ ಬೆರಗನ್ನು ಅವರು ಬಚ್ಚಿಡಲಿಲ್ಲ, ತಮ್ಮನ್ನು ನೋಡಿ ತಾವೇ ನಗುವುದನ್ನೂ ಬಿಡಲಿಲ್ಲ. ಆದರೆ ಅವರು ನೋಡಿಬಂದವರು. ನಾವು ಇಲ್ಲಿ ಸಾಲ ಮಾಡಿ ಮನೆ ಕೊಂಡವರು, ಮಕ್ಕಳನ್ನು ಶಾಲೆಗೆ ಕಳಿಸಿದವರು. ಇನ್ನೂ ಅತಿಥಿಯ ಬೆರಗನ್ನೇ ಹೊದ್ದು ಕೂತರೆ ಅದು ಬೆರಗಲ್ಲ, ಸೋಮಾರಿತನ.

ಕಾಯ್ಕಿಣಿಯವರು ಔಷಧ ಕಂಪನಿಯ ಕೆಲಸ ಮಾಡಿಕೊಂಡು ಎರಡು ದಶಕ ಮುಂಬಯಿಯಲ್ಲಿ ಬಾಳಿದವರು. ಅವರ ಕತೆಗಳಲ್ಲಿ ಗೇಟ್‌ವೇ ಆಫ್ ಇಂಡಿಯಾ ಹುಡುಕಿದರೆ ನಿರಾಸೆಯಾದೀತು. ಅಲ್ಲಿರುವುದು ಮನುಷ್ಯರು, ಅವರ ಹೆಸರು, ಅವರ ಕಸುಬು. 'ದಗಡೂ ಪರಬನ ಅಶ್ವಮೇಧ'ದಲ್ಲಿ ಮೆರವಣಿಗೆಯ ಕುದುರೆ ಮದುಮಗನನ್ನು ಹೊತ್ತುಕೊಂಡೇ ಓಡಿಬಿಡುತ್ತದೆ. ಬೇರೆಯವರ ಕೈಯಲ್ಲಿ ಇದು ಹಾಸ್ಯಪ್ರಸಂಗವಾಗಿ ಮುಗಿಯುತ್ತಿತ್ತು. ಇಲ್ಲಿ ಆ ಮದುಮಗನಿಗೊಂದು ಹೆಸರಿದೆ, ಆ ಹೆಸರಿನ ಹಿಂದೆ ಒಂದು ಬಾಳಿದೆ. 'ನೋ ಪ್ರೆಸೆಂಟ್ಸ್ ಪ್ಲೀಸ್' ಕತೆಯಲ್ಲಿ ಹೆಸರೇ ಕತೆ. ಪೋಪಟ್ ಮತ್ತು ಅಸಾವರಿ, ಇಬ್ಬರೂ ಅನಾಥರು, ತಮ್ಮ ಮದುವೆಯ ಕರೆಯೋಲೆಯಲ್ಲಿ ಏನು ಅಚ್ಚು ಹಾಕಿಸುವುದೆಂದು ಚರ್ಚೆಗೆ ಕೂರುತ್ತಾರೆ. ಕರೆಯೋಲೆ ಎಂದರೆ ಹಿರಿಯರ ಹೆಸರು, ಮನೆತನದ ಹೆಸರು ಬೇಕಲ್ಲ. ಆ ಪುಟ್ಟ ಕಾಗದದ ಮುಂದೆ ಇಡೀ ಮಹಾನಗರ ಬಂದು ನಿಲ್ಲುತ್ತದೆ.

ಈ ಕತೆಗಳನ್ನು ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದರು. ಆ ಪುಸ್ತಕಕ್ಕೆ 2018ರ ಡಿ.ಎಸ್.ಸಿ. ಪ್ರಶಸ್ತಿ ಬಂದಾಗ ನಾವೆಲ್ಲ ಹಿಗ್ಗಿದೆವು. ಹಿಗ್ಗಿದ್ದು ಕನ್ನಡಕ್ಕೆ ಗೌರವ ಬಂತೆಂದು. ಆ ಕತೆಗಳು ನಮ್ಮಂಥವರಿಗೆ ಹಾಕಿದ ಸವಾಲನ್ನು ಮಾತ್ರ ಯಾರೂ ಮೈಮೇಲೆ ಎಳೆದುಕೊಳ್ಳಲಿಲ್ಲ.

ಆ ಸವಾಲು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ. ಇಲ್ಲಿನ ಎಚ್.ಡಿ.ಬಿ. ಕಟ್ಟಡಗಳು ನಿಮಗೆಲ್ಲ ಗೊತ್ತು. ಈ ದೇಶದ ನಿವಾಸಿಗಳಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ಅವುಗಳಲ್ಲೇ ಇರುವುದು. ನೆಲಮಹಡಿಯನ್ನು ಮನೆ ಕಟ್ಟದೆ ಖಾಲಿ ಬಿಟ್ಟಿರುತ್ತಾರೆ, ವಾಯ್ಡ್ ಡೆಕ್ ಎನ್ನುತ್ತಾರೆ. ಇವತ್ತು ಮಲಯ್ ಮದುವೆಯ ಬಿರಿಯಾನಿ ಘಮಘಮಿಸಿದ ಜಾಗದಲ್ಲೇ ಮುಂದಿನ ವಾರ ಚೀನೀ ಮನೆಯವರ ಶವಪೆಟ್ಟಿಗೆ ಇಟ್ಟಿರುತ್ತಾರೆ. ಮೂರು ದಿನ, ಐದು ದಿನ ನೆಂಟರಿಷ್ಟರು ದುಂಡುಮೇಜಿನ ಸುತ್ತ ಕಡಲೆಕಾಯಿ ಬಿಡಿಸುತ್ತ ರಾತ್ರಿಯಿಡೀ ಎಚ್ಚರವಿರುತ್ತಾರೆ. ನಾವು ಆಫೀಸಿನ ಬ್ಯಾಗು ಹೊತ್ತು ಆ ಬದಿಯಿಂದ ಲಿಫ್ಟಿಗೆ ಹೋಗುತ್ತೇವೆ.

ಕೆಲವು ವರ್ಷಗಳ ಹಿಂದೆ ಹಾಗೆ ಹೋಗುವಾಗ ಚಪ್ಪರದ ಭಾವಚಿತ್ರ ನೋಡಿ ನಿಂತೆ. ನಮ್ಮ ಮಹಡಿಯವರೇ, ಮೂರು ಬಾಗಿಲು ಆಚೆ. ಹನ್ನೊಂದು ವರ್ಷ ಲಿಫ್ಟಿನಲ್ಲಿ ದಿನವೂ "ಅಂಕಲ್" ಎಂದು ತಲೆಯಾಡಿಸಿದ್ದೆ. ನನ್ನ ಮಗ ಒಮ್ಮೆ ಕೀ ಮರೆತು ಬಂದಾಗ ಅವನನ್ನು ಕೂರಿಸಿ ಬಿಸ್ಕತ್ತು ಕೊಟ್ಟವರು. ಚಿತ್ರದ ಪಕ್ಕದ ಬರಹವೆಲ್ಲ ಚೀನೀ ಲಿಪಿಯಲ್ಲಿತ್ತು. ಅವರ ಹೆಸರು ಏನೆಂದು ನನಗೆ ಗೊತ್ತಿರಲಿಲ್ಲ.

ಲಕೋಟೆಯಲ್ಲಿ 50 ಡಾಲರ್ ಇಟ್ಟುಕೊಂಡು ಕೆಳಗೆ ಹೊರಟೆ. ಲಿಫ್ಟಿನಲ್ಲಿ ಸಿಕ್ಕ ಮೇಲಿನ ಮಹಡಿಯ ಆಂಟಿ ವಿಷಯ ತಿಳಿದು, ತಮ್ಮ ಪರ್ಸಿನಿಂದ ಒಂದು ಡಾಲರ್ ತೆಗೆದುಕೊಟ್ಟರು. ಸಾವಿನ ಮನೆಗೆ ಬೆಸಸಂಖ್ಯೆಯೇ ಆಗಬೇಕಂತೆ, ಸಮಸಂಖ್ಯೆ ಮದುವೆಗೆ. ನಮ್ಮಲ್ಲಿ ಮದುವೆಯ ಮುಯ್ಯಿಗೆ ಒಂದು ರೂಪಾಯಿ ಸೇರಿಸಿ 101 ಮಾಡುತ್ತೇವಲ್ಲ, ಅದೇ ಒಂದನ್ನು ಇಲ್ಲಿ ಸಾವಿಗೆ ಸೇರಿಸುತ್ತಾರೆ. ಟಿಶ್ಯೂ ಪೊಟ್ಟಣದ ಬಗ್ಗೆ ಎರಡು ಪುಟ ಬರೆದವನಿಗೆ ಇದು ಗೊತ್ತಾಗಲು ಅಷ್ಟು ವರ್ಷ ಬೇಕಾಯಿತು. ಕೆಳಗೆ ಅವರ ಮಗಳ ಹತ್ತಿರ ಹೋಗಿ, ನಾಚಿಕೆ ಬಿಟ್ಟು, ತಂದೆಯವರ ಹೆಸರು ಕೇಳಿದೆ. ಅವಳು ಬೇಜಾರು ಮಾಡಿಕೊಳ್ಳದೆ ಎರಡು ಸಲ ಬಿಡಿಸಿ ಹೇಳಿದಳು.

ಅವತ್ತು ರಾತ್ರಿ ಕಾಯ್ಕಿಣಿಯವರನ್ನು ಮತ್ತೆ ಓದಿದೆ. ಮೊದಲು ಕೌಶಲ ಅಂದುಕೊಂಡದ್ದು ಈಗ ನಡತೆಯಂತೆ ಕಂಡಿತು. ಹೆಸರು ಕೇಳುವ ಸೌಜನ್ಯವಿದ್ದವನಿಗೆ ಊರು ಕತೆ ಹೇಳುತ್ತದೆ.

ಇನ್ನೊಂದು ಮಾತು, ಭಾಷೆಯದು. ಅವರ ಪಾತ್ರಗಳಲ್ಲಿ ಎಷ್ಟೋ ಮಂದಿ ಕನ್ನಡ ಆಡುವವರಲ್ಲ. ಮರಾಠಿ, ಹಿಂದಿ ಮಾತಾಡುವ ಜನರ ದುಗುಡವನ್ನು ಅವರು ಕನ್ನಡದಲ್ಲಿ ಹೇಳಿದರು, ಯಾರನ್ನೂ ಅಣಕಿಸಲಿಲ್ಲ. ನಮ್ಮ ಬರಹಗಳಲ್ಲಿ ಚೀನೀ ನೆರೆಯವರು ಬಾಯಿ ತೆರೆಯುವುದೇ 'ಓಕೆ ಲಾ' ಅನ್ನಲು, ಓದುಗರು ನಗಲು. ಆ 'ಲಾ' ಕೆಲವೊಮ್ಮೆ ಸಮಾಧಾನ, ಕೆಲವೊಮ್ಮೆ ಬೇಸರ, ಕೆಲವೊಮ್ಮೆ ಬೇಡಿಕೆ. ನಮ್ಮ 'ಮಾರಾಯ'ಕ್ಕೆ ಇರುವಷ್ಟೇ ಬಣ್ಣ ಅದಕ್ಕೂ ಇದೆ.

ಹಾಗೆಂದು ಕಾಯ್ಕಿಣಿಯವರನ್ನು ಕಣ್ಣುಮುಚ್ಚಿ ಹಿಂಬಾಲಿಸುವುದೂ ಬೇಡ. ಅವರ ನಗರ ಕೆಲವೆಡೆ ತೀರಾ ಕರುಣಾಳು. ಉಪಮೆಗಳು ಒಂದರ ಹಿಂದೊಂದು ಬಂದು ಪಾತ್ರದ ನೋವನ್ನು ನೇವರಿಸುವಾಗ ಆ ನೋವಿಗೆ ಕಾರಣವಾದವರು ಮರೆಯಾಗಿಬಿಡುತ್ತಾರೆ. ಅದಕ್ಕೆ ಮದ್ದು ಬೇಕಾದರೆ ಅದೇ ಮುಂಬಯಿಯ ಇನ್ನೊಬ್ಬ ನಿವಾಸಿ ಯಶವಂತ ಚಿತ್ತಾಲರಿದ್ದಾರೆ. 1979ರ 'ಶಿಕಾರಿ'ಯ ನಾಗಪ್ಪನಿಗೆ ನಗರವೆಂದರೆ ಬೇಟೆಯ ಕಾಡು, ಆಫೀಸು ಬಲೆ. ಕೆಲಸದ ಪರವಾನಗಿಯ ಗಡುವು ಎಣಿಸುತ್ತ ನಿದ್ದೆಗೆಟ್ಟ ನಮ್ಮವರಿಗೆ ನಾಗಪ್ಪ ದೂರದವನೇನಲ್ಲ. ನಮಗೆ ಇಬ್ಬರೂ ಬೇಕು.

ಈ ಊರಿನವರೇ ಬರೆದದ್ದನ್ನೂ ಓದೋಣ. ಅಲ್ಫಿಯನ್ ಸಾಅತ್ ಅವರ 'ಕಾರಿಡಾರ್' (1999) ಇಂಥ ಕಟ್ಟಡಗಳ ಬದುಕಿನ ಕಥಾಸಂಕಲನ. ಓದಿದರೆ ನಮ್ಮದೇ ಮಹಡಿಯ ಬಾಗಿಲುಗಳು ಒಂದೊಂದಾಗಿ ತೆರೆದಂತಾಗುತ್ತದೆ. 1989ರಿಂದ ಸರಕಾರದ ನಿಯಮವೇ ಚೀನೀಯರು, ಮಲಯ್‌ಗಳು, ಭಾರತೀಯರು ಒಂದೇ ಕಟ್ಟಡದಲ್ಲಿ ಕಲೆತು ಇರುವಂತೆ ನೋಡಿಕೊಂಡಿದೆ. ಬಾಗಿಲು ತಟ್ಟುವ ಕೆಲಸ ಮಾತ್ರ ನಮ್ಮದು.

ಗೆಳೆಯರ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ನಮ್ಮ ಬರಹದಲ್ಲಿ ಸಿಂಗಪುರ ಇಲ್ಲ. ಊರಿನ ನೆನಪು ಅಡ್ಡ ಬಂತು ಎಂದು ಸುಲಭವಾಗಿ ಹೇಳಬಹುದು, ಆದರೆ ಅದು ಅರ್ಧ ಸತ್ಯ. ಕಾಯ್ಕಿಣಿಯವರಿಗೂ ಗೋಕರ್ಣದ ನೆನಪಿತ್ತು, ಅದು ಮುಂಬಯಿಯನ್ನು ನೋಡಲು ಅಡ್ಡಿಯಾಗಲಿಲ್ಲ. ಮುಂದಿನ ಕೂಟಕ್ಕೆ ಎಲ್ಲರೂ ಒಂದೊಂದು ಪುಟ ಬರೆದು ತರೋಣವೆಂದು ನನ್ನ ಸೂಚನೆ: ನಿಮ್ಮ ಮಹಡಿಯ ಒಬ್ಬರ ಬಗ್ಗೆ. ಬರೆಯುವ ಮುಂಚೆ ಅವರ ಹೆಸರು ಕೇಳಿಕೊಂಡು ಬನ್ನಿ. ನಾನೂ ಬರೆಯುತ್ತಿದ್ದೇನೆ. ಆ ಒಂದು ಡಾಲರ್ ಹಿಂದಿರುಗಿಸಲು ಮೇಲಿನ ಮಹಡಿಗೆ ಹೋಗಿದ್ದೆ. ಅವರು ತೆಗೆದುಕೊಳ್ಳಲಿಲ್ಲ, ಒಳಗೆ ಕರೆದು ಕೂರಿಸಿದರು.